ಉಕ್ಕಿನ ಮೊಣಕಾಲಿಗೆ ಗುಳೆ ಬಂದವರು

ಹುಡುಗಿಯರ ಹಾಸ್ಟೆಲ್, ಬೀದರ
೨೧ ಏಪ್ರಿಲ್ ೨೦೧೬

ನನ್ನ ಜೀವದ ಆಯಿ,

ನಿನ್ನ ಮಗಳ ಮಗಳು ರುಕ್ಮಿಣಿಯ ನಮಸ್ಕಾರ. ಮೈಯಾಗ ಹ್ಯಾಂಗ ಅದ? ಪುಣೆಯ ನೀರು ಒಗ್ಗಿತೇನು? ಹೈದರಾಬಾದಿನ್ಯಾಗ ಹಾಕಿಸಿದ ಉಕ್ಕಿನ ಮೊಣಕಾಲಿನ ಬಿಸಿ ಇಳಿದದೇನು? ಫೋನ್ ಮಾಡಿದ್ರ "ಎಲ್ಲಾ ಚಂದ ಅದ" ಅಂದು ಮಾಮಾನ ಕೈಗೆ ಕೊಟ್ಟುಬಿಡ್ತಿ, ಅದಕ್ಕ ಈ ಪತ್ರ. ಪಂಢರಿ ಮಾಮಾ, ಪೂರ್ತಿ ಓದಿ ಹೇಳ್ರಿ, ನಡುವೆ ನಿಮ್ಮ ಮಾತು ಸೇರಿಸಬ್ಯಾಡ್ರಿ.

ಅವ್ವ ಮೆಹಕರದಾಗ ಅರಾಮ ಅದಾಳ. ಡಾಬಕಾದ ನಿನ್ನ ಮನಿಯ ಕೀಲಿ ಬಾಜೂ ಮನಿ ಶೇವಂತಾಬಾಯಿ ಹತ್ರ ಅದ. ನಿಮ್ಮ ಬಾವಿ ಒಣಗೇ ಅದ, ಅರ್ಧ ಓಣಿ ಪುಣೆ, ಹೈದರಾಬಾದ್ ಸೇರ್ಯಾದ. ಇಲ್ಲಿ ಕಾಲೇಜಿಗೂ ಟ್ಯಾಂಕರ್ ನೀರೇ. ನನಗ ಮಾತ್ರ ದಿನಾ ಟೆನ್ಶನ್. ಭಾಲ್ಕಿ ಹಾಸ್ಟೆಲಿನ್ಯಾಗ ಕಲಿತ ಇಂಗ್ಲಿಷ್, ಸರ್ ಎದುರಿಗೆ ನಿಂತ ಕೂಡಲೇ ಆವಿಯಾಗ್ತದ.

ಹೋದ ವಾರ ಲ್ಯಾಬಿನ್ಯಾಗ ಸಲಾವೋದ್ದೀನ ಸರ್ ನಮ್ಮ ತೋಳಿನ ಮ್ಯಾಲೆ ಹತ್ತಿ ಉಜ್ಜಿಸಿ, ಅದಕ್ಕ ಹತ್ತಿದ ಬ್ಯಾಕ್ಟೀರಿಯಾನ ಒಂದು ಚೂರು ಉಕ್ಕಿನ ಜೋಡಿ ಬೆಳೆಸಾಕ ಇಟ್ಟಿದ್ರು. ಆಮ್ಯಾಲೆ ನೇರಳೆ ಬಣ್ಣ ಹಾಕಿ ತೊಳೀರಿ ಅಂದ್ರು. ನಾ ತೊಳೆದೇ ತೊಳೆದೆ. "ಸಾಕವ್ವಾ, ಟ್ಯಾಂಕರ್ ನಿನ್ನ ಮಾಮಾ ಕಳಿಸಿಲ್ಲ" ಅಂದ್ರು. ಉಕ್ಕು ನೇರಳೆ ಆಗೇ ಉಳೀತು. ಆಯಿ, ಆ ಬಣ್ಣ ಹಿಡಿದು ಕೂತವು ನಾ ಹುಟ್ಟಿದಾಗಿಂದ ನನ್ನ ಚರ್ಮದ ಮ್ಯಾಲೆ ಯಾರಿಗೂ ತ್ರಾಸು ಕೊಡದ ಬದುಕಿದಂಥವು. ಒಂದೊಂದರ ಒಳಗೂ ಏನೇನು ಮಾಡಬೇಕಂತ ಪಾಠ ಇರ್ತಾವ, ಜೀನ್ ಅಂತಾರ. ಕೆಲವದರಾಗ ಅಂಟು ಮಾಡೋ ಪಾಠನೂ ಅದ. ಚರ್ಮದ ಮ್ಯಾಲೆ ಅದರ ಕೆಲಸ ಅಷ್ಟಕ್ಕಷ್ಟೇ. ಮೈಯೊಳಗ ಲೋಹ ಸಿಕ್ಕಿತೋ, ಅಂಟು ಸುರಿಸಿ ಗೋಡಿ ಕಟ್ತಾವ, ಒಳಗ ನೀರು ಹರಿಯಾಕ ಓಣಿ ಬಿಡ್ತಾವ. ಕಣ್ಣಿಲ್ಲ, ತಲಿ ಇಲ್ಲ. ಮಾಮಾ, ನೀವು ಕೆಲಸ ಮಾಡೋ ಕಟ್ಟಡದ ಸೈಟಿನ್ಯಾಗ ಇಂಥ ಗೋಡಿ ಕಟ್ಟೋ ಗವಂಡಿ ಯಾರರ ಅದಾರೇನ್ರಿ?

ಇನ್ನೂ ಒಂದು ಅದ. ಗೋಡಿಯೊಳಗ ಕೆಲವು ಉಣ್ಣಂಗಿಲ್ಲ, ಬೆಳೆಯಂಗಿಲ್ಲ, ಸುಮ್ಮ ಮಲಗ್ತಾವ. ಗುಳಿಗಿ ಬೆಳೆಯೋವನ್ನ ಕೊಲ್ತದ, ಮಲಗಿದವು ಉಳೀತಾವ. ಗುಳಿಗಿ ನಿಂತಿತೋ, ಎದ್ದು ಮತ್ತ ಮನಿ ತುಂಬ್ತಾವ. ಇದನ್ನ ಕೇಳಿದ ಕೂಡಲೇ ನೀನೇ ನೆನಪಾದಿ. ನೀರಂತೂ ನೀ ಚೆಲ್ಲಾಕಿ ಅಲ್ಲ, ಮುಖ ತೊಳೆದ ನೀರು ಕಾಲಿಗೆ, ಕಾಲಿನದು ಬಾಳಿ ಗಿಡಕ್ಕ. ಸಂಕ್ರಾಂತಿಗೆ ನಾ ಪುಣೆಗೆ ಬಂದಾಗ ನೋಡಿದೆ, ಮೊಣಕಾಲಿಗಂತ ಅಲ್ಲಿನ ಡಾಕ್ಟರರು ಕೊಟ್ಟ ಗುಳಿಗಿನೂ ನೀ ಹಂಗೇ ಉಳಿಸಿದ್ದಿ. "ನೋವು ಇಳೀತು, ಉಳಿದದ್ದು ಮುಂದಕ್ಕ ಆಗ್ತದ" ಅಂತ ಅಡಕಿ ಡಬ್ಬಿ ತೆಗೆದು ತೋರಿಸಿದಿ. ನಾನೂ ಶಾಣ್ಯಾಕಿ ನಮ್ಮ ಆಯಿ ಅಂತ ನಕ್ಕಿದ್ದೆ.

ಮಾಮಿಗೆ ನಮಸ್ಕಾರ, ಕೂಸಿಗೆ ಮುತ್ತು. ನಿನ್ನ ಕೈ ನನ್ನ ತಲಿ ಮ್ಯಾಲೆ ಇರಲಿ.

ನಿನ್ನ
ರುಕ್ಮಿಣಿ

ತಾ.ಕ.: ನಮ್ಮೂರಿನ ಗೋರಖನಾಥ ಕಾಕಾ ಪುಣೆ ಬಸ್ ಹತ್ತಾಕ ನಿಂತಾರ, ಅವರ ಕೈಯಾಗೇ ಈ ಪತ್ರ ಕೊಡ್ತೇನಿ. ಆಯಿ, ನಿನ್ನ ಮೊಣಕಾಲು ಹಾಕಿದ ಹೈದರಾಬಾದಿನ ಡಾಕ್ಟರರಿಗೆ ಫೋನ್ ಮಾಡಿದ್ದೆ. ಇಂಗ್ಲಿಷ್, ಹಿಂದಿ ಎಲ್ಲಾ ಕಲಸಿ ಹೇಳಿದೆ, ತಿಳ್ಕೊಂಡ್ರು. ನಿನ್ನ ಉಕ್ಕಿಗೂ ಇಂಥ ಬ್ಯಾಕ್ಟೀರಿಯಾ ಹತ್ತಿರಬಹುದಂತ, ಮೊಣಕಾಲಿನ ನೀರು ಸೂಜಿಲೆ ತೆಗೆದು ಟೆಸ್ಟ್ ಮಾಡಬೇಕಂತ. ನೀ ಡಬ್ಬಿಯ ಗುಳಿಗಿ ನುಂಗಿದರ ಆ ಬ್ಯಾಕ್ಟೀರಿಯಾ ಟೆಸ್ಟಿಗೆ ಸಿಗದಂಗ ಅಡಗ್ತಾವ. ಅಲ್ಲಿತನಕ ಅದರಾಗಿಂದ ಒಂದೂ ಬ್ಯಾಡ, ನಡುವೆ ಜ್ವರ ಬಂದ್ರ ಮಾತ್ರ ತಡ ಮಾಡಬ್ಯಾಡ್ರಿ, ಕೂಡಲೇ ದವಾಖಾನಿಗೆ ಹೋಗ್ರಿ ಅಂದ್ರು. ಉಕ್ಕು ತೆಗೆದು ಹೊಸದು ಹಾಕಬೇಕಾಗಬಹುದು, ನಿನಗ ಸುಳ್ಳು ಹೇಳಂಗಿಲ್ಲ. ಉಳಿಸಿ ಕಾಯೋದ್ರಾಗ ಅವು ನಿನಗಿಂತ ಗಟ್ಟಿ. ಡಬ್ಬಿ ಮಾಮಾನ ಕೈಗೆ ಕೊಡು. ಮಾಮಾ, ಡಬ್ಬಿ ಕೈಗೆ ಬರೋತನಕ ಮುಂದ ಓದಬ್ಯಾಡ್ರಿ.

ಬಂತೇನ್ರಿ? ಹಂಗಾದ್ರ ಕೇಳು ಆಯಿ. ಸೋಮವಾರ ನನ್ನ ಪ್ರ್ಯಾಕ್ಟಿಕಲ್ ಪರೀಕ್ಷೆ ಅದ, ಆದ್ರ ಅವತ್ತು ಮುಂಜಾನೆ ನಾ ಪುಣೆಯಾಗ ಇರ್ತೇನಿ. ನಿನ್ನನ್ನ ಹೈದರಾಬಾದಿಗೆ ಕರ್ಕೊಂಡು ಹೋಗೋಳು ನಾನೇ, ಸೂಜಿ ಚುಚ್ಚುವಾಗ ಕೈ ಹಿಡಿಯೋಳೂ ನಾನೇ.