ಅವರ ಹಾಳೆ, ನನ್ನ ಹಾಳೆ

ಜೂನ್ ೨, ಭಾನುವಾರ

ಇವತ್ತೂ ನಮ್ಮಿಬ್ಬರ ಹಾಳೆ ಪೂರ್ತಿ ತಾಳೆ. ಯಾರೂ ಸೋತಿಲ್ಲ, ಅಂದ್ರೆ ಪಾತ್ರೆ ನನಗೇ.

ಟಿವೀಲಿ ಬರೋ ಟೆನಿಸ್ ಸ್ಕೋರ್ ಎಲ್ಲರಿಗೂ ಕಾಣುತ್ತೆ, ಅದಲ್ಲ ನಮ್ಮ ಪಂದ್ಯ. ಒಂದೊಂದು ಪಾಯಿಂಟ್ ಹೇಗೆ ಹೋಯ್ತು ಅಂತ ಗಂಡ ಹೆಂಡ್ತಿ ಇಬ್ರೂ ಬೇರೆ ಬೇರೆ ಬರೀಬೇಕು. ಎದುರಾಳಿ ಮುಟ್ಟೋಕೂ ಆಗದ ಸರ್ವ್, ಅಂದ್ರೆ ಏಸ್‌ಗೆ ಗೆರೆ, ನೆಟ್‌ಗೆ ಬಿದ್ರೆ ಸೊನ್ನೆ, ಹೊರಗೆ ಹೋದ್ರೆ ಇಂಟು. ತಾಳೆ ಆಗದಿದ್ರೆ ರಿವೈಂಡ್. ತಪ್ಪು ಬರೆದವರು ಪಾತ್ರೆ ತೊಳೀಬೇಕು.

ಮದುವೆಯಾದಾಗಿಂದ ಇವರ ಹಾಳೆ ನನ್ನದಕ್ಕೆ ಹೊಂದಿದ್ದೇ ಇಲ್ಲ. ಈಗ ನೋಡಿದ್ರೆ ಎರಡೂ ಅವಳಿ ಜವಳಿ. ಏನೋ ಮಸಲತ್ತಿದೆ...

ಜೂನ್ ೪, ಮಂಗಳವಾರ

ವ್ಯಾನಿನ ಎಡಗಡೆ ಉದ್ದಕ್ಕೂ ಗೀರು. "ಯಾವನೋ ಉಜ್ಕೊಂಡು ಹೋದ, ಬಿಡೇ" ಅಂದ್ರು. ಸ್ಕೂಲ್ ಮಕ್ಕಳ ವ್ಯಾನ್ ಓಡಿಸೋ ಮನುಷ್ಯ, ಸಣ್ಣ ಗೀರು ಬಿದ್ರೂ ಬೀದಿ ರಂಪ ಮಾಡೋರು. ಈಗ ಬಿಡು ಅಂತಾರೆ!

ಸಂಜೆ ಮ್ಯಾಚ್. ಹಾಲು ಉಕ್ಕೀತು ಅಂತ ಒಳಗೆ ಓಡಿದೆ. ಬಂದಾಗ ನನ್ನ ಹಾಳೆ ಇಟ್ಟ ಕಡೆ ಇಲ್ಲ, ಒಂದು ಗೇಣು ಆಚೆ. ಹೂಂ... ಕಳ್ಳ ಸಿಕ್ಕಿಬಿದ್ದ.

ಜೂನ್ ೮, ಶನಿವಾರ

ಬಲೆ ಹಾಕಿದೆ. ಏಸ್ ಬಿತ್ತು, ಬೇಕಂತಲೇ ಸೊನ್ನೆ ಬರೆದು ನೀರಿಗೆ ಅಂತ ಎದ್ದೆ. ಬಾಗಿಲ ಸಂದೀಲಿ ನಿಂತು ನೋಡ್ತೀನಿ, ನನ್ನ ಹಾಳೇನ ಮೂಗಿಗೆ ತಾಗಿಸ್ಕೊಂಡು ಓದಿ, ತಾವೂ ಸೊನ್ನೆ ಬರ್ಕೊಂಡ್ರು!

ರಿವೈಂಡ್ ಮಾಡಿ ತೋರಿಸಿದೆ. "ಈ ವಯಸ್ಸಲ್ಲಿ ಕಾಪಿ ಹೊಡೀತೀರಲ್ಲ, ನಾಚಿಕೆ ಆಗಲ್ವಾ?" ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ. ಅವರು ನಗಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದ್ರು. ಆಮೇಲೆ ನೋಡಿದ್ರೆ ತಟ್ಟೆ ಮೇಲೆಲ್ಲ ಸೋಪು ಹಾಗೇ ಇದೆ.

ಪಾತ್ರೆ ತಪ್ಪಿಸ್ಕೊಳ್ಳೋಕೆ ಇಷ್ಟೆಲ್ಲ ಮಾಡೋರಲ್ಲ ಇವರು. ಬೇರೆ ಏನೋ...

ಜೂನ್ ೯, ಭಾನುವಾರ

ಫೈನಲ್. ಹಾಳೆ ಮಡಿಲಲ್ಲಿಟ್ಕೊಂಡು ಆಟ ಬಿಟ್ಟು ಇವರನ್ನೇ ನೋಡ್ತಾ ಕೂತೆ. ಜೋರು ಚಪ್ಪಾಳೆ ಬಿದ್ರೆ ಗೆರೆ. ಜನ "ಛೇ" ಅಂದ್ರೆ ಇಂಟು. ಕಣ್ಣು ಟಿವಿ ಮೇಲಿದೆ, ಬರೆಯೋದು ಕಿವಿ!

ರಿಮೋಟ್ ತಗೊಂಡು ಸೌಂಡ್ ಬಂದ್ ಮಾಡಿದೆ. ಪೆನ್ನು ನಿಂತೋಯ್ತು. ಪಾಯಿಂಟ್ ಮುಗೀತು, ಆಟಗಾರ ಟವೆಲ್ ತಗೊಂಡು ಮುಖ ಒರೆಸ್ಕೊಂಡ. ಇವರ ಪೆನ್ನು ಹಾಗೇ ಇದೆ.

"ಬಾಲ್ ಕಾಣುತ್ತಾ ನಿಮಗೆ?"

ಪೆನ್ನಿಗೆ ಕ್ಯಾಪ್ ಹಾಕಿ ಹಾಳೆ ಮಡಚಿದ್ರು.

"ಬಾಲ್ ಚಿಕ್ಕದು ಕಣೇ. ರಸ್ತೆ ದೊಡ್ಡದು. ಆ ದಾರಿ ನನ್ನ ಕೈಗೇ ಗೊತ್ತು."

"ದಾರಿ ಗೊತ್ತು ರೀ. ಅಡ್ಡ ಓಡಿ ಬರೋ ಮಗು? ನಾಳೆ ಹೋಗ್ಬೇಡಿ. ಕಣ್ಣು ತೋರಿಸೋಣ."

"ತೋರಿಸಿದ್ರೆ ವ್ಯಾನ್ ಬಿಡಿಸ್ತಾರೆ. ಆಮೇಲೆ ಏನ್ ಮಾಡ್ಲಿ, ಪಾತ್ರೆ ತೊಳ್ಕೊಂಡು ಕೂತಿರ್ಲಾ?" ರೇಗಿ ಹೋಗಿ ಮಲಗಿದ್ರು.

ನಕ್ಕೆನಲ್ಲ ನಿನ್ನೆ.

ಜೂನ್ ೧೦, ಸೋಮವಾರ, ಬೆಳಿಗ್ಗೆ

ವ್ಯಾನ್ ಕೀ ಮೊಳೆಯಿಂದ ತೆಗೆದೆ. ಬಚ್ಚಿಡೋಣ ಅಂತಿದ್ದೆ, ಬೇಡ ಅನ್ನಿಸ್ತು. ಮೇಜಿನ ಮೇಲೆ, ಈ ಡೈರಿ ಪಕ್ಕದಲ್ಲೇ ಇಟ್ಟಿದೀನಿ. ಕಂಡ್ರೆ ತಗೊಂಡು ಹೋಗ್ಲಿ, ನಾನು ತುಟಿ ಬಿಚ್ಚಲ್ಲ.

ಖಾಕಿ ಶರ್ಟ್ ಹಾಕ್ಕೊಂಡು ಬಂದ್ರು. ಗೋಡೆ ತಡವಿದ್ರು. ಮೊಳೆ ಸಿಕ್ತು, ಕೀ ಇಲ್ಲ. ಈಗ ನನ್ನೆದುರಿಗೇ ನಿಂತಿದಾರೆ, ಕೈ ಚಾಚಿದ್ರೆ ಸಿಗುತ್ತೆ.

ಕಂಡುಬಿಡ್ಲಿ ದೇವ್ರೇ... ನನ್ನ ಸಂಶಯವೇ ಸುಳ್ಳಾಗ್ಲಿ.

"ಲೇ, ಕೀ ಎಲ್ಲಾದ್ರೂ ನೋಡಿದ್ಯಾ?"

ನಾನು ಈಗ ತುಟಿ ಬಿಚ್ಚಲೇಬೇಕು.