ಯಮುನಾಬಾಯಿಯವರ ಹಿಂದಿನ ಜಾಗ

ಬೆಟಗೇರಿ
೩೧ ಜನವರಿ ೨೦೨೪

ಪ್ರೀತಿಯ ಭುವಿಗೆ,

ಆರು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಮೆಸೇಜು ಓದಿದ್ದಕ್ಕೆ ನೀಲಿ ಗೀಟುಗಳು ಬೀಳುತ್ತವೆ, ಉತ್ತರ ಬರುವುದಿಲ್ಲ. ಅವ್ವನ ಜೊತೆ ಮುಂಡರಗಿಯ ಸೂತಕದ ಮನೆಯಲ್ಲಿ ಕುಳಿತವಳಿಗೆ ಹೊತ್ತು ಹೋಗುವುದು ಕಷ್ಟ, ಕಾಗದವಾದರೂ ಓದುತ್ತೀ ಎಂದು ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಪೂರ್ತಿ ಓದಿ ಹರಿ.

ನಾವಿಬ್ಬರೂ ಹನ್ನೊಂದು ವರ್ಷ ಗೋಪಣ್ಣ ಮಾಸ್ತರರ ಮುಂದೆ ಕುಳಿತು ಹಾಡು ಕಲಿತವರು. ಒಂದೇ ಇಯರ್‌ಫೋನಿನ ಎರಡು ತುದಿ ಹಂಚಿಕೊಂಡು ಯಮುನಾಬಾಯಿಯವರನ್ನು ಕೇಳಿದವರು. ಅವರು ಬನದ ಹುಣ್ಣಿಮೆಗೆ ನಮ್ಮ ಓಣಿಯ ಗುಡಿಯಲ್ಲೇ ಹಾಡುತ್ತಾರೆಂದು ಗೊತ್ತಾದಾಗ, ಅವರ ಹಿಂದೆ ತಂಬೂರಿ ಹಿಡಿದು ಕೂಡಲು ಮಾಸ್ತರರು ನಿನ್ನನ್ನು ಆರಿಸಿದರು. ನನ್ನ ಕಡೆ ತಿರುಗಿ, ನೀನು ಅವರ ಚಹಾದ ವ್ಯವಸ್ಥೆ ನೋಡಿಕೋ ಎಂದರು. ನಾನು ನಕ್ಕು ಆಗಲಿ ಎಂದೆ. ಆ ನಗು ನಿನಗೆ ಖರೆ ಅನಿಸಿತೇನು?

ಅಂದು ಬೆಳಿಗ್ಗೆ ನಿಮ್ಮವ್ವ ಮಲ್ಲವ್ವ ಕಾಕು ನನ್ನನ್ನು ಹಿತ್ತಲಿಗೆ ಕರೆದರು. ಮುಂಡರಗಿಯಿಂದ ಫೋನ್ ಬಂದಿತ್ತು, ನಿಮ್ಮ ಮನೆತನದ ಹಿರಿಯ ಲಕ್ಕಪ್ಪಜ್ಜ ನಸುಕಿನಲ್ಲಿ ತೀರಿಕೊಂಡಿದ್ದರು. "ಭುವಿ ಕಿವಿಗೆ ಬೀಳೂತನಕ ಅಕಿಗೆ ಸೂತಕ ಇಲ್ಲ ನೋಡವಾ. ಬಿತ್ತಂದ್ರ ಗುಡಿ ಹೊಸ್ತಿಲಾ ದಾಟೂ ಹಂಗಿಲ್ಲ, ತಂಬೂರಿ ಮುಟ್ಟೂ ಹಂಗಿಲ್ಲ. ಸಂಜಿತನಕ ಬಾಯಿ ಬಿಡಬ್ಯಾಡ, ನಿನಗ ಕೈ ಮುಗೀತೀನಿ" ಎಂದರು. ಸುದ್ದಿ ಕೇಳಿದ ತಾವು ಮಾತ್ರ ದೇವರ ಗೂಡಿನ ಹತ್ತಿರ ಸುಳಿಯದೆ, ಸೊಂಟ ಹಿಡಿದಿದೆ ಎಂದು ನಿನಗೆ ಸುಳ್ಳು ಹೇಳಿ ಮಲಗಿದ್ದರು. ಸತ್ತವರಿಗಾಗಿ ಅಳುವುದನ್ನೂ ಸಂಜೆಗೆ ಇಟ್ಟುಕೊಂಡಿದ್ದರು.

ನಾನು ಅವರ ಕೈ ಹಿಡಿದು ಆಣೆ ಮಾಡಿದೆ. ಅಲ್ಲಿಂದ ನೆಟ್ಟಗೆ ನಿನ್ನ ಕೋಣೆಗೆ ಬಂದೆ. ನೀನು ಸೀರೆಯ ನೆರಿಗೆ ಹಿಡಿಯುತ್ತಿದ್ದೆ. "ಲಕ್ಕಪ್ಪಜ್ಜ ಹೋದ್ನಂತಲ್ಲ, ಪಾಪ" ಎಂದೆ.

ನಿನಗೆ ಮೊದಲೇ ಗೊತ್ತಿದೆ ಅಂದುಕೊಂಡಿದ್ದೆ ಎಂದು ಆಮೇಲೆ ಅತ್ತೆನಲ್ಲ, ಅದು ಸುಳ್ಳು. ನಿನ್ನ ಕೈಯಿಂದ ನೆರಿಗೆ ಜಾರುವಾಗ ನನಗೆ ನೆನಪಾದದ್ದು, ನಾನು ಉಡಬೇಕಾದ ನಮ್ಮ ಮಗ್ಗದ ಹಸಿರು ಸೀರೆಗೆ ಇನ್ನೂ ಇಸ್ತ್ರಿ ಆಗಿಲ್ಲವಲ್ಲ ಎಂಬುದು. ನಿಮ್ಮವ್ವ ಎದ್ದು ಬಂದು ಬಾಗಿಲಲ್ಲಿ ನಿಂತರು. ಬೈದಿದ್ದರೆ ಚೆನ್ನಾಗಿತ್ತು.

ನಿನ್ನ ಬದಲು ತಂಬೂರಿಗೆ ಮಾಸ್ತರರು ನನ್ನನ್ನೇ ಕೂಡಿಸಿದರು. ಸಂಜೆ ಗುಡಿಯ ಪಕ್ಕದ ಕೋಣೆಯಲ್ಲಿ ಯಮುನಾಬಾಯಿಯವರನ್ನು ಕಂಡೆ. ನಾವು ಪೋಸ್ಟರಿನಲ್ಲಿ ನೋಡಿದ ಮುಖವಲ್ಲ. ಸಣ್ಣ ಮುದುಕಿ, ಕಾಲಿಗೆ ಉಣ್ಣೆಯ ಕಾಲುಚೀಲ, ದವಡೆಯಲ್ಲಿ ಲವಂಗ. ಕಾಲಿಗೆ ಬಿದ್ದೆ. ತಲೆಯ ಮೇಲೆ ಕೈಯಿಟ್ಟು, "ನನಗ ಹಾಡು ಕಳಿಸಿದಾಕಿ ನೀನಽ ಏನು?" ಎಂದರು. ನೀನು ನಿನ್ನ ಹಾಡನ್ನು ರೆಕಾರ್ಡ್ ಮಾಡಿ ಅವರಿಗೆ ಕಳಿಸಿದ್ದೀ ಎಂದು ನನಗೆ ತಿಳಿದದ್ದೇ ಆಗ. ಊಟದ ಡಬ್ಬಿಯಿಂದ ಹಿಡಿದು ಎಲ್ಲ ಹಂಚಿಕೊಂಡವಳು ಇದೊಂದನ್ನು ಮುಚ್ಚಿಟ್ಟಿದ್ದೆ. ಅಲ್ಲರಿ, ಅಕಿಗೆ ಸೂತಕ ಬಂದೈತಿ ಎಂದೆ. "ಹೊರಗ ನಿಂತು ಕೇಳಲಿ. ಮುಗದ ಮ್ಯಾಲ ನಾನಽ ಬಂದು ಮಾತಾಡಸ್ತೀನಿ, ಹೇಳಿ ಬಾ" ಎಂದರು. ನಾನು ಹೊರಗೆ ಬಂದೆ, ನೀರು ಕುಡಿದೆ, ಒಳಗೆ ಹೋದೆ.

ಆ ಜಾಗದಲ್ಲಿ ಕುಳಿತ ಮೊದಲ ಅರ್ಧ ತಾಸನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ. ಅವರ ಬೆನ್ನು ಉಸಿರಿನೊಡನೆ ಏಳುವುದು, ಇಳಿಯುವುದು ನನ್ನ ಕಣ್ಣ ಮುಂದೆಯೇ ಇತ್ತು. ನನಗೆ ಅಳು ಬಂತು. ಗುಡಿಯ ಗೋಡೆಯಾಚೆ ಬೇವಿನ ಮರದ ಕೆಳಗೆ ನೀನು ಸೆರಗು ಹೊದ್ದು ನಿಂತದ್ದೂ ಕಾಣುತ್ತಿತ್ತು. ಕೆಟ್ಟೆನಿಸಿತು ಎಂದು ಬರೆದರೆ ನೀನು ನಂಬುವುದಿಲ್ಲ, ನಾನೂ ನಂಬುವುದಿಲ್ಲ.

ಅಷ್ಟರಲ್ಲಿ ಅವರು ಹಿಂದೆ ತಿರುಗಿ ನೋಡಿದರು. ಮೆಚ್ಚಿದರೆಂದು ಮುಗುಳ್ನಕ್ಕೆ. ಮತ್ತೆ ತಿರುಗಿದರು, ಮತ್ತೆ ನಕ್ಕೆ. ಮೂರನೆಯ ಸಲ ಹಾಡು ನಿಲ್ಲಿಸಿ, ನನ್ನ ತಂಬೂರಿಯ ತಂತಿಗಳ ಮೇಲೆ ಅಂಗೈ ಇಟ್ಟು, "ಪಂಚಮದ ತಂತಿ ಇಳದು ಎಷ್ಟೊತ್ತಾತು. ಕೆಳಗಿಡವಾ" ಎಂದರು. ಮೈಕು ಅದನ್ನು ಓಣಿಗೆಲ್ಲ ಕೇಳಿಸಿತು. ಉಳಿದ ಎರಡು ತಾಸು ತಂಬೂರಿಯ ಮಷೀನು ನುಡಿಯಿತು. ನಾನು ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತಿದ್ದೆ, ಎದ್ದು ಹೋಗಲು ದಾರಿಯಿರಲಿಲ್ಲ.

ಮುಗಿದ ಮೇಲೆ, ಎಷ್ಟು ವರ್ಷ ಕಲಿತಿದ್ದೀ ಎಂದು ಕೇಳಿದರು. ಹನ್ನೊಂದು ಎಂದೆ. "ಸುರ ನಿನ್ನ ಕಿವಿಗೆ ಹತ್ತಂಗಿಲ್ಲ ಅಂತ ಹನ್ನೊಂದು ವರ್ಷದಾಗ ಯಾರೂ ಹೇಳ್ಲಿಲ್ಲೇನು?" ಎಂದರು. ಬೈಗುಳದ ದನಿಯಾಗಿರಲಿಲ್ಲ, ಕನಿಕರದ್ದು.

ಮಾಸ್ತರರು ಹೇಳಲಿಲ್ಲ, ಅವರಿಗೆ ಪಾಠಕ್ಕೆ ಹುಡುಗಿಯರು ಬೇಕು. ಆದರೆ ನೀನು? ಪ್ರತಿ ಸಲ ನನ್ನ ತಂಬೂರಿಯನ್ನು ಇಸಿದುಕೊಂಡು ನೀನೇ ಶ್ರುತಿ ಮಾಡಿಕೊಡುತ್ತಿದ್ದೆ. ನಾನು ಅದನ್ನು ಪ್ರೀತಿ ಅಂದುಕೊಂಡಿದ್ದೆ. ನಿನಗೆ ಗೊತ್ತಿತ್ತು, ಗೊತ್ತಿದ್ದೂ ನನ್ನನ್ನು ಹಾಗೇ ಹಾಡಲು ಬಿಟ್ಟೆ. ಲಕ್ಕಪ್ಪಜ್ಜನ ಸುದ್ದಿ ಹೇಳಿದ್ದಕ್ಕೆ ನಾನು ಕ್ಷಮೆ ಕೇಳುತ್ತಿಲ್ಲ. ಮಲ್ಲವ್ವ ಕಾಕುವಿಗೆ ಮಾತ್ರ ನನ್ನ ನಮಸ್ಕಾರ ತಿಳಿಸು.

ನಿನ್ನ ಪಕ್ಕದಲ್ಲೇ ಕೂಡುತ್ತಿದ್ದ
ಅಂಕಿತಾ

ತಾ.ಕ.: ಯಮುನಾಬಾಯಿಯವರು ಮಾತು ತಪ್ಪಲಿಲ್ಲ. ಹೊರಗೆ ಬಂದು, ಕಾರಿನ ಹತ್ತಿರ ನಿಂತು, ಆ ಹುಡುಗಿ ಎಲ್ಲಿ ಎಂದು ಕೇಳಿದರು. ಇನ್ನು ಒಬ್ಬಳೇ ಶಿಷ್ಯೆಯನ್ನು ತೆಗೆದುಕೊಳ್ಳುವುದು, ಅದು ನೀನು, ಇಲ್ಲವಾದರೆ ಕೊಲ್ಹಾಪುರದ ಒಬ್ಬಳು ಎಂದರು. ನೀನು ಇನ್ನೂ ಮರದ ಕೆಳಗೇ ಇದ್ದೆ. "ಅಕಿ ಲಗ್ನ ಗೊತ್ತಾಗೇತ್ರಿ, ಹಾಡೂದು ಬಿಟ್ಟಾಳ" ಎಂದೆ. ಕಾರಿನಲ್ಲಿ ಕುಳಿತೇ ಕೊಲ್ಹಾಪುರಕ್ಕೆ ಫೋನ್ ಮಾಡಿ ಆ ಹುಡುಗಿಗೆ ಬರಹೇಳಿದರು. ಆಮೇಲೆ, ತಮಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಬಿಟ್ಟವಳ ಹಾಡು ಇನ್ನು ಯಾಕೆ, ನೀನೇ ಅಳಿಸಿಬಿಡು ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. ಅಳಿಸುವ ಮುಂಚೆ ಕಿವಿಗೆ ಹಿಡಿದು ಒಮ್ಮೆ ಕೇಳಿದೆ. ಚೆನ್ನಾಗಿ ಹಾಡಿದ್ದೀ, ಭುವಿ. ನನಗೂ ತಿಳಿಯುವಷ್ಟು ಚೆನ್ನಾಗಿ.