ದೀಪ ಹಚ್ಚದ ಗೂಡು

ರಾಣೆಬೆನ್ನೂರು
ಎರಡನೆಯ ಶ್ರಾವಣದ ಮೂವತ್ತೊಂಬತ್ತನೆಯ ದಿನ, ೨೧೩೮

ಮುತ್ಯಾ ಪದ್ಮರಾಜರಿಗೆ, ನಿಮ್ಮ ಮರಿಮಗನ ಸೊಸೆ ಚಂಪಾವತಿಯ ನಮಸ್ಕಾರಗಳು.

ನಮ್ಮ ಕಾಲದಲ್ಲಿ ಮಳೆ ಬರುವತನಕ ತಿಂಗಳು ಮುಗಿಯುವುದಿಲ್ಲ, ಅದಕ್ಕೇ ಈ ತಾರೀಖು. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ. ಹೆಚ್ಚು ಓದಿದವಳಲ್ಲ, ದಿನಚರಿ ಬರೆಯುವುದಷ್ಟೇ ರೂಢಿ.

ನಮ್ಮ ಮನೆಗಳಲ್ಲಿ ನೆನಪುಗೋಡೆ ಇರುತ್ತದೆ. ಸತ್ತವರು ಅದರಲ್ಲಿ ಓಡಾಡುತ್ತಾರೆ, ಮಾತಾಡುತ್ತಾರೆ. ಚಿತ್ರ ತೆಗೆಯುವಾಗಲೇ ಯಂತ್ರ ಎಲ್ಲರನ್ನೂ ತಿದ್ದಿಬಿಡುತ್ತದೆ. ನನ್ನ ಮಗಳು ಶ್ರೀಮತಿ ಹನ್ನೊಂದನೆಯ ವಯಸ್ಸಿಗೆ ತೀರಿಕೊಂಡಳು. ಎಡಗಾಲನ್ನು ತುಸು ಎಳೆದು ನಡೆಯುತ್ತಿದ್ದಳು. ಗೋಡೆಯಲ್ಲಿ ನೆಟ್ಟಗೆ ನಡೆಯುತ್ತಾಳೆ. ಆ ಹುಡುಗಿ ಯಾರೋ ನನಗೆ ಗೊತ್ತಿಲ್ಲ.

ಮಗಳದು ನಿಮ್ಮ ಹೆಂಡತಿ ಜಿನ್ನವ್ವನದೇ ನಡಿಗೆ ಎಂದು ಮನೆಯಲ್ಲಿ ಹೇಳುತ್ತಿದ್ದರು. ಆಕೆಯ ಕೊನೆಯ ದೀಪಾವಳಿಗೆ ನೀವು ಚಾವಿ ಕೊಡುವ ಹಳೆಯ ಕ್ಯಾಮೆರಾದಲ್ಲಿ ಆಕೆಯನ್ನು ಹಿಡಿದಿರಿ, ರೀಲನ್ನು ತೊಳೆಸದೆ ಡಬ್ಬಿಯಲ್ಲಿಟ್ಟು ಕಪ್ಪು ಪಟ್ಟಿ ಸುತ್ತಿದಿರಿ, ಬೆಳಕು ತಾಗಿದರೆ ಅವಳು ಅಳಿಸಿಹೋಗುತ್ತಾಳೆ ಎಂದಿರಿ. ಆ ಡಬ್ಬಿ ಸೊಸೆಯಿಂದ ಸೊಸೆಗೆ ಬಂತು. ಪ್ರತಿ ದೀಪಾವಳಿಗೆ ಮನೆ ತುಂಬ ಹಣತೆ ಹಚ್ಚಿ, ಡಬ್ಬಿ ಇಟ್ಟ ಗೋಡೆಗೂಡೊಂದನ್ನು ಮಾತ್ರ ಕತ್ತಲಲ್ಲಿ ಬಿಡುವುದು ನಮ್ಮ ಪದ್ಧತಿ. ಫಿಲ್ಮಿಗೆ ತಿದ್ದಲು ಬರುವುದಿಲ್ಲವಂತೆ. ಆ ನಡಿಗೆಯನ್ನು ಒಮ್ಮೆ ನೋಡಬೇಕೆಂದು ನಾನು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹುಬ್ಬಳ್ಳಿಗೆ ಒಯ್ದೆ. ಹಳೆಯ ಫಿಲ್ಮು ತೊಳೆಯುವ ಗುರವ್ವ ನನ್ನನ್ನೂ ಕತ್ತಲ ಕೋಣೆಯೊಳಗೆ ಕೂರಿಸಿಕೊಂಡಳು. ಪಟ್ಟಿ ಕಿತ್ತ ಸದ್ದಾಯಿತು. ಆಮೇಲೆ ಬಹಳ ಹೊತ್ತು ಅವಳ ಬೆರಳು ತಡವುವ ಸದ್ದು.

"ತಂಗೀ, ಇದರಾಗ ಫಿಲ್ಮು ಇಲ್ಲ, ಅದನ್ನ ಸುತ್ತೋ ಖಾಲಿ ಉರುಳಿ ಐತಿ, ಒಂದು ಚೀಟಿ ಐತಿ," ಎಂದಳು. "ದೀಪ ಹಚ್ಚಲೇನು?"

ಹಚ್ಚು ಎಂದೆ, ಚೀಟಿಗೆ ಕೈ ಚಾಚಿದೆ.

ಚೀಟಿ ನಿಮ್ಮ ಕೈಬರಹದ್ದು. ಒಂದೇ ರೀಲು ಉಳಿದಿತ್ತು, ಇನ್ನೊಂದು ಎಲ್ಲೂ ಸಿಗಲಿಲ್ಲ, ಅದನ್ನು ಮೊಮ್ಮಗನ ಹೆಸರಿಡುವ ದಿನಕ್ಕೆಂದು ಎತ್ತಿಟ್ಟೆ, ಖಾಲಿ ಕ್ಯಾಮೆರಾವನ್ನೇ ಓಡಿಸಿದೆ ಎಂದು ಬರೆದಿದ್ದೀರಿ. ಖಾಲಿ ಇದ್ದರೂ ತುಂಬಿದ್ದರೂ ಅದರ ಕರಕರ ಸದ್ದು ಒಂದೇ. ಆಕೆ ಅಂಗಳದಲ್ಲಿ ಮೂರು ಸಲ ನಡೆದು, "ಚಂದ ಬಂದೀನೇನ್ರೀ?" ಎಂದಳಂತೆ. "ರಾಣಿ ಹಂಗ ಬಂದಿ," ಎಂದಿರಂತೆ ನೀವು.

ಮುತ್ಯಾ, ಸಾಯುವವಳಿಗೆ ನೀವು ಸುಳ್ಳು ಹೇಳಿದಿರಿ. ಆಮೇಲೆ ನಾಲ್ಕು ಸೊಸೆಯಂದಿರ ಕೈಯಲ್ಲಿ ಆ ಸುಳ್ಳಿನ ಕಾವಲು ಮಾಡಿಸಿದಿರಿ. ನಾನು ಗೋಡೆಯನ್ನು ನಂಬದೆ ನಿಮ್ಮನ್ನು ನಂಬಿದ್ದೆ.

ಈ ಕಾಗದ ಹೇಗೋ ಕಾಲ ದಾಟಿ ಹಿಂದಕ್ಕೆ ಹೋಗಿ, ಆ ದೀಪಾವಳಿಗೆ ಮುಂಚೆ ನಿಮ್ಮ ಕೈ ಸೇರಿದರೆ, ರೀಲು ಹಾಕಿ. ಮೊಮ್ಮಗನಿಗಾಗಿ ಉಳಿಸಲೇಬೇಕೆಂದರೆ ಆಕೆಗೆ ಹಾಗೆಂದು ಹೇಳಿ. ಬಹುಶಃ ಆಕೆಯೇ ಉಳಿಸು ಎಂದಾಳು. ಆದರೆ ಕ್ಯಾಮೆರಾ ಕೆಳಗಿಟ್ಟು, ಆಕೆ ನಡೆಯುವುದನ್ನು ಬರಿಗಣ್ಣಿಂದ ನೋಡಿ, ಕಂಡದ್ದನ್ನು ಬರೆದಿಡಿ. ನಿಮ್ಮ ಚೀಟಿಯಲ್ಲಿ ರೀಲಿನ ಮಾತೇ ಒಂದು ಪುಟ ಇದೆ. ಆಕೆ ಕಾಲು ಎಳೆದದ್ದರ ಬಗ್ಗೆ ಒಂದು ಸಾಲೂ ಇಲ್ಲ.